ಉರಿಯುವ ಮನೆಯಲ್ಲಿ ಗಳ ಹಿರಿಯುವವರು: ಮುಂಬೈಯ ಕನ್ನಡ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಂಬೈ, ಠಾಣೆ, ಡೊಂಬಿವಲಿ, ಮೀರಾ ರೋಡ್, ನವಿ ಮುಂಬೈಗಳ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ನಮ್ಮವರು ನಡೆಸುವ ಕ್ರೆಡಿಟ್ ಸೊಸೈಟಿಗಳ ನಿರ್ದೇಶಕರಿಗೆ, ಹೋಟೆಲ್ ಮಾಲೀಕರಿಗೆ

ಮಾನ್ಯರೇ,

ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಒತ್ತೆಹಣ ಕೇಳುವ ಕಳ್ಳ ತಂತ್ರಾಂಶ) ಬಡಿದು ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಬಿದ್ದರೆ ಏನಾಗುತ್ತದೆ ಎಂಬುದು ಈಗ ಗಲ್ಲಾದ ಮೇಲೆ ಕೂತ ಹುಡುಗನಿಗೂ ಗೊತ್ತು. ಈ ಪತ್ರ ಬೀಗ ಹಾಕಿದವನ ಕುರಿತದ್ದಲ್ಲ. ಅವನು ಹೊಡೆದು ಹೋದ ಎರಡು ಮೂರು ದಿನಕ್ಕೆ "ನಿಮ್ಮ ಡೇಟಾ ನಾವು ಬಿಡಿಸಿಕೊಡುತ್ತೇವೆ" ಎಂದು ಫೋನ್ ಮಾಡುವ ಎರಡನೆಯವನ ಕುರಿತದ್ದು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅದು ಈಗ ಕಚೇರಿ, ಬಿಲ್ ಪುಸ್ತಕ, ಜಿಎಸ್‌ಟಿ ನಂಬರ್ ಎಲ್ಲ ಇರುವ ವ್ಯಾಪಾರವಾಗಿದೆ.

ನಿಮಗೇ ಯಾಕೆ ಬರೆಯುತ್ತಿದ್ದೇವೆ ಎಂದರೆ, ಈ ವ್ಯಾಪಾರದ ಬಂಡವಾಳ ನಿಮ್ಮ ಗುಟ್ಟು. ಸೊಸೈಟಿಗೆ ಹೀಗಾಯಿತೆಂದು ಹೊರಗೆ ತಿಳಿದರೆ ಠೇವಣಿದಾರರು ಬಾಗಿಲಲ್ಲಿ ಸಾಲುಗಟ್ಟುತ್ತಾರೆ, ಹೋಟೆಲಿನ ವಿಷಯ ತಿಳಿದರೆ ಜಿಎಸ್‌ಟಿಯವರು ಬರುತ್ತಾರೆ ಎಂಬ ಭಯದಿಂದ ವಿಷಯವನ್ನು ಮೂರು ಜನರೊಳಗೆ ಮುಚ್ಚಿಡಲಾಗುತ್ತದೆ. ಪೊಲೀಸರಿಗೆ ಹೇಳುವುದಿಲ್ಲ, ಪಕ್ಕದ ಸೊಸೈಟಿಗೂ ಹೇಳುವುದಿಲ್ಲ. ಹೇಳುವುದು ಗೂಗಲ್‌ಗೆ ಮಾತ್ರ: ಫೈಲಿನ ಕೊನೆಗೆ ಅಂಟಿಕೊಂಡ ವಿಚಿತ್ರ ಪದವನ್ನು ಟೈಪ್ ಮಾಡಿ ಹುಡುಕುತ್ತಾರೆ. ಅಲ್ಲಿ ಜಾಹೀರಾತು ಕೊಟ್ಟು ಕಾದು ಕೂತವನೇ ಎರಡನೆಯವನು. ಇನ್ನು ಕೆಲವರು ಯೂಟ್ಯೂಬ್ ವಿಡಿಯೋ ಕೆಳಗೆ, ಎಕ್ಸ್‌ನಲ್ಲಿ, ಕೋರಾದಲ್ಲಿ "ನನ್ನ ಫೈಲ್ ಹೋಯಿತು" ಎಂದು ಬರೆದವರಿಗೆ ನಿಮಿಷದೊಳಗೆ ಉತ್ತರ ಕೊಡುತ್ತಾರೆ. ಆ ಉತ್ತರಗಳಲ್ಲಿ ಬಹಳಷ್ಟನ್ನು ಬರೆಯುವುದು ಮನುಷ್ಯರಲ್ಲ, ಬಾಟ್‌ಗಳು ಎಂಬ ತಂತ್ರಾಂಶಗಳು. "ಹ್ಯಾಕ್" ಎಂಬ ಪದ ಕಂಡರೆ ಸಾಕು, ಇನ್‌ಸ್ಟಾಗ್ರಾಮ್‌ನ ಯಾವನೋ "ತಜ್ಞ"ನ ಹೆಸರು ಅಂಟಿಸಿ ಹೋಗುತ್ತವೆ. ದೊಡ್ಡ ಗ್ಯಾಂಗುಗಳು ತಮ್ಮ ಬಲಿಪಶುಗಳ ಹೆಸರನ್ನು ಅಂತರ್ಜಾಲದ ಮರೆಯ ಮೂಲೆಯಾದ ಡಾರ್ಕ್ ವೆಬ್‌ನಲ್ಲಿ ತಾವೇ ಪ್ರಕಟಿಸುತ್ತವೆ. ಎರಡನೆಯವನಿಗೆ ಅದು ಸಿದ್ಧ ಗಿರಾಕಿಪಟ್ಟಿ. ಇಷ್ಟೂ ಸಾಲದೆಂದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದ "ಈ ನಂಬರಿಗೆ ಮಾತಾಡಿ, ನೂರಕ್ಕೆ ನೂರು ವಾಪಸ್ ತೆಗೆದುಕೊಡ್ತಾರೆ" ಎಂದು ಕಳಿಸುತ್ತಾರೆ.

ನೂರಕ್ಕೆ ನೂರು ಎಂಬ ಮಾತು ಯಾಕೆ ಸುಳ್ಳು ಎಂದು ಮೊದಲು ತಿಳಿಯಬೇಕು. ಸರಿಯಾಗಿ ಬರೆದ ರಾನ್ಸಮ್‌ವೇರ್ ನಿಮ್ಮ ಫೈಲಿಗೆ ಬೀಗ ಹಾಕುವ ಕೀಲಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ತಯಾರಿಸುತ್ತದೆ. ಆ ಕೀಲಿಯನ್ನು ಕಳ್ಳನ ಇನ್ನೊಂದು ದೊಡ್ಡ ಕೀಲಿಯಿಂದ ಮತ್ತೆ ಬೀಗ ಹಾಕಿ ಇಡುತ್ತದೆ. ದೊಡ್ಡ ಕೀಲಿಯ ಬಿಡಿಸುವ ಅರ್ಧ ಅವನ ಬಳಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಲೆಕ್ಕ ಹಾಕಿ ಅದನ್ನು ಕಂಡುಹಿಡಿಯಲು ಇವತ್ತಿನ ಯಾವ ಕಂಪ್ಯೂಟರಿಗೂ ಆಗುವುದಿಲ್ಲ. ಹಾಗಾಗಿ ಬೀಗ ಬಿದ್ದ ಫೈಲ್ ಪೂರ್ತಿಯಾಗಿ ವಾಪಸ್ ಬರುವುದಕ್ಕೆ ದಾರಿ ನಾಲ್ಕೇ: ನಿಮ್ಮ ಬ್ಯಾಕಪ್, ಕಳ್ಳ ತಂತ್ರಾಂಶ ಬರೆಯುವಾಗ ಮಾಡಿದ ತಪ್ಪು, ಪೊಲೀಸರು ವಶಪಡಿಸಿಕೊಂಡ ಅಥವಾ ಹೇಗೋ ಹೊರಬಿದ್ದ ಕೀಲಿಗಳು, ಇಲ್ಲವೇ ಕಳ್ಳನಿಗೆ ದುಡ್ಡು. ಎರಡನೆಯ ಮತ್ತು ಮೂರನೆಯ ದಾರಿಯಲ್ಲಿ ಸಿಕ್ಕ ಉಪಕರಣಗಳನ್ನು ನೋ ಮೋರ್ ರಾನ್ಸಮ್ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಮತ್ತು ಎರಡು ಆ್ಯಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಅದನ್ನು ಶುರು ಮಾಡಿದ್ದು. ಬೀಗ ಬಿದ್ದ ಎರಡು ಫೈಲು ಮತ್ತು ಕಳ್ಳ ಬಿಟ್ಟುಹೋದ ಚೀಟಿ ಅಲ್ಲಿ ಹಾಕಿದರೆ ಬೀಗ ಹಾಕಿದ ತಂತ್ರಾಂಶ ಯಾವ ತಳಿ, ಅದಕ್ಕೆ ಉಪಕರಣ ಉಂಟೋ ಇಲ್ಲವೋ ಎಂದು ತಿಳಿಯುತ್ತದೆ. ಅಲ್ಲಿ ಇಲ್ಲದ್ದು ತನ್ನ ಹತ್ತಿರ ಇದೆ ಎನ್ನುವ ಆ ಎರಡನೆಯವನು, ಅಂದರೆ ರಿಕವರಿ ಅಂಗಡಿಯವನು, ನಾಲ್ಕನೆಯ ದಾರಿ ಹಿಡಿದಿದ್ದಾನೆ ಎಂದೇ ತಿಳಿಯಿರಿ. ಅಂದರೆ ನಿಮ್ಮ ದುಡ್ಡು ಕಳ್ಳನಿಗೇ ಹೋಗುತ್ತದೆ, ನಡುವೆ ಇವನ ಕಮಿಷನ್ ಕಳೆದು.

ಇದು ನಮ್ಮ ಊಹೆ ಅಲ್ಲ. 2018ರ ಡಿಸೆಂಬರಿನಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆ ರಷ್ಯಾದ "ಡಾ. ಶಿಫ್ರೋ" ಎಂಬ ಕಂಪನಿಯ ಬಣ್ಣ ಬಯಲು ಮಾಡಿತು. ಫೈಲ್ ಬಿಡಿಸುತ್ತೇವೆ ಎಂದು ಗಿರಾಕಿ ಹಿಡಿದು, ಕಳ್ಳನ ಹತ್ತಿರ ರಿಯಾಯಿತಿ ಮಾತಾಡಿ, ಮೇಲೆ ಸುಮಾರು 1,000 ಡಾಲರ್ ಇಟ್ಟುಕೊಂಡು ಕೀಲಿ ತಂದುಕೊಡುವುದು ಅದರ ಕಸುಬಾಗಿತ್ತು. 2019ರಲ್ಲಿ ಅಮೆರಿಕದ ಪ್ರೊಪಬ್ಲಿಕಾ ಪತ್ರಿಕೆ ಅಲ್ಲಿನ ಎರಡು ಕಂಪನಿಗಳು "ನಮ್ಮದೇ ತಂತ್ರಜ್ಞಾನ" ಎನ್ನುತ್ತ ಒಳಗೊಳಗೆ ಒತ್ತೆಹಣ ಕಟ್ಟುತ್ತಿದ್ದುದನ್ನು ಬರೆಯಿತು. ಫೇಬಿಯನ್ ವೋಸರ್ ಎಂಬ ತಜ್ಞ ಇಂಥವರನ್ನು ಹಿಡಿದ ಬಗೆ ಚೆನ್ನಾಗಿದೆ: ತಾನೇ ಒಂದು ಸುಳ್ಳು ರಾನ್ಸಮ್‌ವೇರ್ ಕಟ್ಟಿ, ಚೀಟಿಯಲ್ಲಿ ತನ್ನದೇ ಇಮೇಲ್ ವಿಳಾಸ ಹಾಕಿ, ಬಲಿಪಶುವಿನ ವೇಷದಲ್ಲಿ ಕಂಪನಿಗಳಿಗೆ ಬರೆದ. ಸ್ವಲ್ಪ ಹೊತ್ತಿಗೆ "ಕಳ್ಳ"ನ ಇಮೇಲಿಗೆ ರೇಟು ಕೇಳಿ ಪತ್ರ ಬಂತು.

ಇದನ್ನು ನೀವೂ ಪತ್ತೆ ಹಚ್ಚಬಹುದು, ಅಷ್ಟು ದೊಡ್ಡ ವಿದ್ಯೆ ಬೇಕಿಲ್ಲ. ಸಣ್ಣ ಕಚೇರಿಗಳನ್ನು ಹೊಡೆಯುವ ಫೋಬೋಸ್ ತಳಿಯ ಚೀಟಿ ತೆಗೆದು ಓದಿ. ಫೈಲಿನ ಹೆಸರು ಹೀಗಾಗಿರುತ್ತದೆ: ಮೊದಲು ನಿಮ್ಮ ಹಳೆಯ ಹೆಸರು, ಆಮೇಲೆ ಐಡಿ ಎಂದು ಒಂದು ಸಂಖ್ಯೆ, ಚೌಕ ಕಂಸದೊಳಗೆ ಕಳ್ಳನ ಇಮೇಲು, ಕೊನೆಗೆ ತಳಿಯ ಬಾಲ. ಚೀಟಿಯಲ್ಲಿ ಕಳ್ಳ ನಂಬಿಕೆ ಹುಟ್ಟಿಸಲು ಐದು ಫೈಲ್ ತನಕ ಪುಕ್ಕಟೆ ಬಿಡಿಸಿ ತೋರಿಸುತ್ತೇನೆ ಎನ್ನುತ್ತಾನೆ. ಷರತ್ತು ಎರಡು: ಒಟ್ಟು ಗಾತ್ರ 4 ಎಂಬಿಗಿಂತ ಕಡಿಮೆ ಇರಬೇಕು, ಡೇಟಾಬೇಸ್, ಬ್ಯಾಕಪ್, ದೊಡ್ಡ ಎಕ್ಸೆಲ್ ಹಾಳೆಗಳಂಥ ಬೆಲೆಯುಳ್ಳ ಫೈಲ್ ಇರಬಾರದು. ಈಗ ಅಂಗಡಿಯವನ ಮಾತು ಕೇಳಿ: "ಎರಡು ಮೂರು ಫೈಲ್ ಕಳಿಸಿ ಸಾರ್, ಅನಾಲಿಸಿಸ್ ಫ್ರೀ. ಟ್ಯಾಲಿ ಬೇಡ, ಸಣ್ಣದೊಂದು ಫೋಟೋನೋ ಪಿಡಿಎಫ್ಫೋ ಕಳಿಸಿ." ಸ್ವಂತ ವಿದ್ಯೆ ಇದ್ದವನಿಗೆ ಲೆಕ್ಕದ ಟ್ಯಾಲಿ ಫೈಲಾದರೇನು, ಮದುವೆ ಫೋಟೋ ಆದರೇನು? ಅವನು ಬೇಡ ಎನ್ನುವುದು ಕಳ್ಳ ಬೇಡ ಎಂದದ್ದಕ್ಕೆ. ನೀವು ಕಳಿಸಿದ ಫೋಟೋ ಅವನ ಕೈಯಿಂದ ಕಳ್ಳನಿಗೆ ಹೋಗಿ, ಬಿಡಿಸಿಕೊಂಡು, ನಿಮ್ಮ ಮುಂದೆ "ಪುರಾವೆ"ಯಾಗಿ ಬರುತ್ತದೆ. ಅದು ಸಾಮಾನ್ಯವಾಗಿ ತಕ್ಷಣ ಬರುವುದಿಲ್ಲ. ಕಳ್ಳ ಇಮೇಲ್ ನೋಡುವ ಹೊತ್ತಿಗೆ ಬರುತ್ತದೆ. ಅಂದಹಾಗೆ ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ಮೂರನೆಯವರ ಹತ್ತಿರ ಹೋದರೆ ಅವರ ಫೀಸೂ ಸೇರಿ ರೇಟು ಹೆಚ್ಚಾಗುತ್ತದೆ, ನೀವು ಮೋಸಕ್ಕೂ ಸಿಲುಕಬಹುದು ಎಂದು. ಕಳ್ಳನೇ ಎಚ್ಚರಿಕೆ ಕೊಡುವಷ್ಟರ ಮಟ್ಟಿಗೆ ಈ ದಂಧೆ ಬೆಳೆದಿದೆ.

ಕೊನೆಗೆ ಬರುವ ಬಿಲ್ಲಿನಲ್ಲಿ "ಡೇಟಾ ರಿಕವರಿ ಸೇವೆ, 18% ಜಿಎಸ್‌ಟಿ ಸಹಿತ" ಎಂದಿರುತ್ತದೆ. ಆಡಿಟರ್ ಕಣ್ಣಿಗೆ ಅದು ಶುದ್ಧ ಖರ್ಚು. ಸದಸ್ಯರ ದುಡ್ಡು ಒತ್ತೆಹಣವಾಗಿ ಹೋದದ್ದು ನಿರ್ದೇಶಕರಿಗೂ ತಿಳಿಯುವುದಿಲ್ಲ, ಕೆಲವರಿಗೆ ತಿಳಿಯದಿರುವುದೇ ಅನುಕೂಲವೂ ಇರಬಹುದು.

ಇವನಾದರೂ ಕೊನೆಗೆ ಫೈಲ್ ಕೊಡುತ್ತಾನೆ. ಇನ್ನೊಂದು ಜಾತಿಯವರು ಅದನ್ನೂ ಕೊಡುವುದಿಲ್ಲ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಬರುವ ಸ್ಟಾಪ್ ಡಿಜೆವಿಯು ಎಂಬ ತಳಿ ಮನೆ ಕಂಪ್ಯೂಟರುಗಳಲ್ಲಿ ಬಹಳ ಹಬ್ಬಿತು. ಅದರ ಚೀಟಿಯಲ್ಲಿ 980 ಡಾಲರ್, 72 ಗಂಟೆಯೊಳಗಾದರೆ ಅರ್ಧ ಎಂದಿರುತ್ತಿತ್ತು. ಅದಕ್ಕೊಂದು ನಿಜವಾದ ಪುಕ್ಕಟೆ ಡಿಕ್ರಿಪ್ಟರನ್ನು, ಅಂದರೆ ಬೀಗ ಬಿಡಿಸುವ ಉಪಕರಣವನ್ನು, ಎಮ್ಸಿಸಾಫ್ಟ್ ಎಂಬ ಭದ್ರತಾ ಕಂಪನಿ 2019ರಲ್ಲಿ ಹೊರತಂದಿತು. ಮರುವರ್ಷ ಜೂನಿನಲ್ಲಿ ಅದರ ಹೆಸರಿನಲ್ಲೇ ಒಂದು ನಕಲಿ ಬಂತು. ಹತಾಶೆಯಲ್ಲಿ ಅದನ್ನು ಇಳಿಸಿಕೊಂಡು ಬಟನ್ ಒತ್ತಿದವರ ಫೈಲಿಗೆ ಝೋರಾಬ್ ಎಂಬ ಎರಡನೇ ರಾನ್ಸಮ್‌ವೇರ್ ಮೊದಲ ಬೀಗದ ಮೇಲೆ ಇನ್ನೊಂದು ಬೀಗ ಹಾಕಿತು. ಮೊದಲನೆಯದರ ಕೀಲಿ ಸಿಕ್ಕರೂ ಎರಡನೆಯದನ್ನು ಬಿಡಿಸದೆ ಪ್ರಯೋಜನವಿಲ್ಲ. ಯೂಟ್ಯೂಬ್ ವಿಡಿಯೋದ ಕೆಳಗಿನ ಲಿಂಕಿನಿಂದ ಡಿಕ್ರಿಪ್ಟರ್ ಇಳಿಸಬೇಡಿ ಎಂದು ನಾವು ಬಡಿದುಕೊಳ್ಳುವುದು ಇದಕ್ಕೇ.

2023ರ ಕೊನೆಗೆ ಮತ್ತೊಂದು ಬಗೆ ಕಂಡಿತು. ರಾಯಲ್, ಅಕಿರಾ ಗ್ಯಾಂಗುಗಳಿಂದ ಹೊಡೆತ ತಿಂದ ಕಂಪನಿಗಳಿಗೆ ಯಾರೋ "ಸಂಶೋಧಕರು" ಬರೆದರು: ನಾವು ಆ ಗ್ಯಾಂಗಿನ ಸರ್ವರ್ ಒಳಗೆ ಹೊಕ್ಕಿದ್ದೇವೆ, ನಿಮ್ಮ ಕದ್ದ ಡೇಟಾ ಅಳಿಸಿಬಿಡುತ್ತೇವೆ, 5 ಬಿಟ್‌ಕಾಯಿನ್‌ವರೆಗೆ ಫೀಸು. ಆರ್ಕ್ಟಿಕ್ ವುಲ್ಫ್ ಎಂಬ ಸಂಸ್ಥೆ 2024ರ ಜನವರಿಯಲ್ಲಿ ಇದನ್ನು ಬರೆದು, ಎರಡು ಕಡೆ ಎರಡು ಹೆಸರಿನಲ್ಲಿ ಬಂದದ್ದು ಒಬ್ಬನೇ ಆಗಿರಬೇಕು ಎಂದು ಮಾತಿನ ಧಾಟಿ ತಾಳೆ ಹಾಕಿ ತೋರಿಸಿತು. 2025ರ ಮಾರ್ಚಿನಲ್ಲಂತೂ ಅಮೆರಿಕದ ಕಂಪನಿಗಳ ಮುಖ್ಯಸ್ಥರಿಗೆ ಬಿಯಾನ್‌ಲಿಯಾನ್ ಗ್ಯಾಂಗಿನ ಹೆಸರಲ್ಲಿ ಅಂಚೆಯಲ್ಲೇ ಕಾಗದ ಬಂತು: ಎರಡೂವರೆ ಲಕ್ಷದಿಂದ ಐದು ಲಕ್ಷ ಡಾಲರ್, ಹತ್ತು ದಿನ ಗಡುವು, ಹಣ ಕಟ್ಟಲು ಕ್ಯೂಆರ್ ಕೋಡ್. ದಾಳಿಯೇ ಆಗಿರಲಿಲ್ಲ, ಕಾಗದ ಮಾತ್ರ. ರಕ್ಷಣೆಗೆ ಬಂದವನನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಫ್ಲೋರಿಡಾದಲ್ಲಿ ಬಯಲಾದ ಮೊಕದ್ದಮೆಯಲ್ಲಿ ಆರೋಪಿಗಳು ಸೈಬರ್ ದಾಳಿಯಾದಾಗ ನೆರವಿಗೆ ಹೋಗುವ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದವರು. ಅವರೇ ಬ್ಲ್ಯಾಕ್‌ಕ್ಯಾಟ್ ರಾನ್ಸಮ್‌ವೇರ್ ಬಳಸಿ ಕಂಪನಿಗಳನ್ನು ಹೊಡೆದರೆಂಬುದು ಆರೋಪವಾಗಿತ್ತು. ಆಮೇಲೆ ಅವರಲ್ಲಿ ಇಬ್ಬರು ತಪ್ಪೊಪ್ಪಿಕೊಂಡರು.

ನಮ್ಮಲ್ಲಿ ಇದರ ಅವತಾರ ಸರಳ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟವನಿಗೆ "ಸೈಬರ್ ಸೆಲ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ದುಡ್ಡು ಸಿಕ್ಕಿದೆ, ರಿಲೀಸ್ ಚಾರ್ಜ್ ಕಟ್ಟಿ" ಎಂಬ ಕರೆ. ಜೊತೆಗೆ ಅಶೋಕಸ್ತಂಭ ಇರುವ ಪತ್ರದ ಪಿಡಿಎಫ್. ಬ್ಯಾಂಕಿನಲ್ಲಿ ತಡೆಹಿಡಿದ ಹಣ ಬಿಡುಗಡೆಗೆ ಪೊಲೀಸರಿಗಾಗಲಿ ಗೃಹ ಸಚಿವಾಲಯಕ್ಕಾಗಲಿ ಯಾರೂ ಶುಲ್ಕ ಕಟ್ಟಬೇಕಾಗಿಲ್ಲ. ಶುಲ್ಕ ಎಂದ ಕೂಡಲೇ ಫೋನ್ ಇಡಿ.

ಹಾಗಾದರೆ ನೇರವಾಗಿ ಮೊದಲ ಕಳ್ಳನಿಗೇ ಕೊಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. 2017ರ ಜೂನಿನಲ್ಲಿ ನಾಟ್‌ಪೆಟ್ಯ ಎಂಬ ತಂತ್ರಾಂಶದ ದಾಳಿ ಬಂದಾಗ ನಮ್ಮ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲೂ ನಿಂತುಹೋಗಿತ್ತು. 300 ಡಾಲರ್ ಕೇಳುತ್ತಿದ್ದ ಆ ತಂತ್ರಾಂಶದಲ್ಲಿ ಕೀಲಿ ಕೊಡುವ ವ್ಯವಸ್ಥೆಯೇ ಇರಲಿಲ್ಲ. ಪರದೆಯ ಮೇಲಿನ ಐಡಿ ಬರೀ ಯಾದೃಚ್ಛಿಕ ಅಕ್ಷರ, ಸಂಪರ್ಕದ ಇಮೇಲನ್ನು ಇಮೇಲ್ ಸೇವೆಯ ಕಂಪನಿ ಅದೇ ದಿನ ಮುಚ್ಚಿತ್ತು. 2024ರಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್ 22 ದಶಲಕ್ಷ ಡಾಲರ್ ಕೊಟ್ಟ ಮೇಲೆ ಗ್ಯಾಂಗಿನ ಯಜಮಾನರು ಹಣ ನುಂಗಿ ಮಾಯವಾದರು, ದಾಳಿ ಮಾಡಿದ ಏಜೆಂಟಿನ ಕೈಯಲ್ಲಿದ್ದ ಡೇಟಾ ಮುಂದಿಟ್ಟುಕೊಂಡು ಇನ್ನೊಂದು ಗ್ಯಾಂಗು ಮತ್ತೆ ದುಡ್ಡು ಕೇಳಿತು. ಅದೇ ವರ್ಷ ಫೆಬ್ರುವರಿಯಲ್ಲಿ ಲಾಕ್‌ಬಿಟ್ ಸರ್ವರುಗಳನ್ನು ವಶಪಡಿಸಿಕೊಂಡ ಬ್ರಿಟಿಷ್ ಪೊಲೀಸರಿಗೆ, ಹಣ ಕಟ್ಟಿದವರ ಡೇಟಾ ಕೂಡ ಅಳಿಸದೆ ಅಲ್ಲೇ ಇದ್ದದ್ದು ಸಿಕ್ಕಿತು. ಇಷ್ಟು ಸಾಕು.

ಈಗ ಮುಖ್ಯ ವಿಷಯ. ಎರಡನೆಯವನು ಗೆಲ್ಲುವುದು ಮೊದಲ ದಿನ ನೀವು ಮಾಡಿದ ಕೆಲಸದಿಂದ, ಅಥವಾ ಮಾಡದ ಕೆಲಸದಿಂದ.

ಫೈಲಿನ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ, ಹಾರ್ಡ್ ಡಿಸ್ಕಿನ ದೀಪ ಬಿಡದೆ ಮಿನುಗುತ್ತಿದ್ದರೆ ಬೀಗ ಹಾಕುವ ಕೆಲಸ ಇನ್ನೂ ನಡೆದಿದೆ. ಯೋಚಿಸದೆ ಪ್ಲಗ್ ಕೀಳಿ. ಎಲ್ಲ ಮುಗಿದು ಚೀಟಿ ಪರದೆ ಮೇಲೆ ಬಂದಿದ್ದರೆ ಆಫ್ ಮಾಡುವ ಮೊದಲು ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಪೆನ್‌ಡ್ರೈವ್ ಮತ್ತು ಎಕ್ಸ್‌ಟರ್ನಲ್ ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ಕೆಲವು ತಳಿಗಳ ಕೀಲಿಯ ತುಣುಕು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮಿನಲ್ಲಿ ಉಳಿದಿರುತ್ತದೆ. ಅದನ್ನು ತೆಗೆಯಬಲ್ಲವರು ಅದೇ ದಿನ ಬರುವಂತಿದ್ದರೆ ಯಂತ್ರ ಚಾಲೂ ಇರಲಿ, ಇಲ್ಲದಿದ್ದರೆ ಆಫ್ ಮಾಡಿ. ರೂಟರಿಗೆ ಬರುವ ಇಂಟರ್ನೆಟ್ ಕೇಬಲ್ ತೆಗೆಯಿರಿ, ಆದರೆ ರೂಟರ್ ಮಾತ್ರ ಆಫ್ ಮಾಡಬೇಡಿ. ಸಣ್ಣ ರೂಟರುಗಳ ಲಾಗ್, ಅಂದರೆ ಯಾರು ಯಾವಾಗ ಬಂದರೆಂಬ ದಾಖಲೆ, ಅದರ ರ್‍ಯಾಮಿನಲ್ಲಿರುತ್ತದೆ, ಕರೆಂಟ್ ಹೋದರೆ ಹೋಯಿತು. ಮೊಬೈಲಿನಲ್ಲಿ ಲಾಗಿನ ಪುಟ ಮತ್ತು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಳಬರಲು ತೆರೆದಿಟ್ಟ ದಾರಿಗಳ) ಪುಟದ ಫೋಟೋ ತೆಗೆದುಕೊಳ್ಳಿ.

ಆಮೇಲೆ ಬರುವ ಕಂಪ್ಯೂಟರ್ ಹುಡುಗ ಮಾಡುವ ಮೊದಲ ಕೆಲಸ ಫಾರ್ಮ್ಯಾಟ್. ಅವನ ಕೈ ಹಿಡಿಯಿರಿ. ಫೈಲಿನ ಬಾಲ ಕತ್ತರಿಸಿ ಹಳೆಯ ಹೆಸರು ಕೊಡುವುದು, ಆ್ಯಂಟಿವೈರಸ್ ಓಡಿಸಿ ಸಿಕ್ಕಿದ್ದೆಲ್ಲ ಅಳಿಸುವುದು ಕೂಡ ಬೇಡ. ಚೀಟಿಯಲ್ಲಿರುವ ಐಡಿ ಇಲ್ಲದಿದ್ದರೆ ನಾಳೆ ಕೀಲಿ ಸಿಕ್ಕರೂ ಯಾವ ಬೀಗಕ್ಕೆ ಯಾವುದು ಎಂದು ತಿಳಿಯದು. ಲ್ಯಾಮಿಂಗ್ಟನ್ ರೋಡಿನಿಂದ ಅಷ್ಟೇ ಅಥವಾ ಹೆಚ್ಚು ಗಾತ್ರದ ಹೊಸ ಡಿಸ್ಕ್ ತಂದು ಪೂರ್ತಿ ಡಿಸ್ಕಿನ ಪಡಿಯಚ್ಚು ತೆಗೆಸಿ. 1 ಟಿಬಿ ಡಿಸ್ಕಿಗೆ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಕೊನೆಗೆ ಬರುವ ಶಾ-256 ಹ್ಯಾಶ್, ಅಂದರೆ ಆ ಡಿಸ್ಕಿನ ಬೆರಳಚ್ಚಿನಂಥ ಉದ್ದದ ಗುರುತು, ಬರೆದಿಟ್ಟುಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಹ್ಯಾಶ್ ಕೇಳುತ್ತಾರೆ. ಮೂಲ ಡಿಸ್ಕನ್ನು ಲಕೋಟೆಯಲ್ಲಿಟ್ಟು, ತಾರೀಖು ಹಾಕಿ, ಇಬ್ಬರ ಸಹಿಯೊಂದಿಗೆ ಲಾಕರಿನಲ್ಲಿಡಿ. ಮುಂದಿನ ಪ್ರಯೋಗಗಳೆಲ್ಲ ಪಡಿಯಚ್ಚಿನ ಮೇಲೆ.

ಹಾಳಾದ ಡಿಸ್ಕ್ ಯಾಕೆ ಇಟ್ಟುಕೊಳ್ಳಬೇಕು? ಗೋವಾದ ಜಲಸಂಪನ್ಮೂಲ ಇಲಾಖೆಯ ಪ್ರವಾಹ ನಿಗಾ ಸರ್ವರಿಗೆ 2022ರ ಜೂನಿನಲ್ಲಿ, ಮಳೆಗಾಲ ಶುರುವಾಗುವಾಗಲೇ, ಬೀಗ ಬಿತ್ತು. ಫೈಲುಗಳ ಬಾಲದಲ್ಲಿ "ಈಕಿಂಗ್" ಎಂದಿತ್ತು. ಅದು ಫೋಬೋಸ್ ವಂಶದ ಬಾಲ. ಆಗ ಅದಕ್ಕೆ ಪುಕ್ಕಟೆ ಉಪಕರಣ ಇರಲಿಲ್ಲ. 2025ರ ಜುಲೈಯಲ್ಲಿ ಜಪಾನಿನ ಪೊಲೀಸರು ಫೋಬೋಸ್ ಮತ್ತು ಅದೇ ವಂಶದ 8ಬೇಸ್‌ಗೆ ಡಿಕ್ರಿಪ್ಟರ್ ಹೊರತಂದರು. ವಂಶದ ಎಲ್ಲ ರೂಪಕ್ಕೂ ಅದು ನಡೆಯಬೇಕೆಂದಿಲ್ಲ. ಆದರೆ ಹಾಕಿ ನೋಡಲಿಕ್ಕಾದರೂ ಫೈಲ್ ಕೈಯಲ್ಲಿರಬೇಕಲ್ಲ.

ಇನ್ನೊಂದು ಕಾರಣವಿದೆ. ವೇಗಕ್ಕಾಗಿ ಕಳ್ಳರು ದೊಡ್ಡ ಫೈಲಿಗೆ ಪೂರ್ತಿ ಬೀಗ ಹಾಕುವುದಿಲ್ಲ. ಫೋಬೋಸ್ ಸುಮಾರು 1.5 ಎಂಬಿ ಮೀರಿದ ಫೈಲಿನ ಕೆಲವು ತುಂಡುಗಳನ್ನಷ್ಟೇ ಕೆಡಿಸುತ್ತದೆ. ಡಿಜೆವಿಯು ಮೊದಲ 150 ಕೆಬಿಯಷ್ಟನ್ನು ಮಾತ್ರ. ವಾರ್ಷಿಕೋತ್ಸವದ ವಿಡಿಯೋ, ದೊಡ್ಡ ಝಿಪ್, ಎಸ್‌ಕ್ಯೂಎಲ್ ಡೇಟಾಬೇಸುಗಳಲ್ಲಿ ಕೆಡದೆ ಉಳಿದ ಭಾಗದಿಂದ ಸಾಕಷ್ಟು ತೆಗೆಯಬಹುದು. ಇದು ಪ್ರಾಮಾಣಿಕ ರಿಕವರಿ ಕೆಲಸ. ಮಾಡುವವರಿದ್ದಾರೆ, ಫೀಸೂ ತೆಗೆದುಕೊಳ್ಳಲಿ. ಅಂಥವನು "ಇಷ್ಟು ಬರಬಹುದು, ಇಷ್ಟು ಬಾರದು" ಎನ್ನುತ್ತಾನೆ, ವಿಧಾನ ಬರೆದುಕೊಡುತ್ತಾನೆ. ಸಣ್ಣ ಫೈಲುಗಳ ಬಗ್ಗೆ ಕೈ ಚೆಲ್ಲುತ್ತಾನೆ. ಕೈ ಚೆಲ್ಲಬಲ್ಲವನೇ ನಂಬಿಕೆಗೆ ಯೋಗ್ಯ.

ಅಂಗಡಿಯವನು "ವಾರ ಬಿಡಿ, ಮುಂದಿನ ವಾರ ನೋಡೋಣ" ಎಂದು ಎಳೆಯುವಾಗ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಕಂಪ್ಯೂಟರಿನ ಫೋಲ್ಡರ್ ಗೂಗಲ್ ಡ್ರೈವ್‌ಗೆ ತಾನಾಗಿ ಹೋಗುವಂತೆ ಇಟ್ಟವರು, ಕೆಟ್ಟ ಫೈಲೇ ಮೇಲೂ ಹೋಯಿತು ಎಂದು ತಲೆಗೆ ಕೈ ಹೊತ್ತು ಕೂರುತ್ತಾರೆ. ಡ್ರೈವ್ ಹಳೆಯ ಆವೃತ್ತಿಗಳನ್ನು 30 ದಿನ ಇಟ್ಟಿರುತ್ತದೆ, ಆಮೇಲೆ ಅಳಿಸಬಹುದು. ಮೈಕ್ರೋಸಾಫ್ಟ್ 365 ಚಂದಾ ಇದ್ದವರಿಗೆ ಒನ್‌ಡ್ರೈವ್ ಪೂರ್ತಿಯಾಗಿ 30 ದಿನದೊಳಗಿನ ಯಾವ ದಿನಕ್ಕಾದರೂ ಹಿಂದೆ ಹೋಗುತ್ತದೆ. ಬೀಗ ಬಿದ್ದ ದಿನವೇ ಬೇರೆ ಯಂತ್ರದಿಂದ ಲಾಗಿನ್ ಆಗಿ, ಪಾಸ್‌ವರ್ಡ್ ಬದಲಿಸಿ, ಸಿಂಕ್ (ತಾನಾಗಿ ನಕಲಾಗುವುದು) ನಿಲ್ಲಿಸಿ, ಹಳೆಯ ಆವೃತ್ತಿ ಇಳಿಸಿಕೊಳ್ಳಿ. ಒಂದು ಪೈಸೆ ಖರ್ಚಿಲ್ಲ. ಯಾವ ಅಂಗಡಿಯವನೂ ಇದನ್ನು ನಿಮಗೆ ಮೊದಲು ಹೇಳುವುದಿಲ್ಲ.

ಡೇಟಾ ಪೂರ್ತಿ ಹೋಯಿತು ಎನ್ನುವ ಮೊದಲು ಅದು ಇನ್ನೆಲ್ಲಿ ಇದೆ ಎಂದು ಎಣಿಸಿ. ನಿಮ್ಮ ಸಿಎ ಕಚೇರಿಯಲ್ಲಿ ಕಳೆದ ಆಡಿಟ್‌ಗೆ ಕೊಟ್ಟ ಟ್ಯಾಲಿ ಬ್ಯಾಕಪ್ ಇರುತ್ತದೆ. ಟಿಬಿಕೆ ಎಂದು ಶುರುವಾಗುವ ಫೈಲ್ ಹುಡುಕಲು ಹೇಳಿ. ಅಲ್ಲಿಂದ ಈಚಿನ ಮಾರಾಟ ಜಿಎಸ್‌ಟಿ ಪೋರ್ಟಲಿನ ಜಿಎಸ್‌ಟಿಆರ್-1 ನಮೂನೆಯಲ್ಲಿದೆ, ಖರೀದಿ 2ಬಿಯಲ್ಲಿದೆ. ಹೋಟೆಲಿನವರಿಗೆ ಸ್ವಿಗ್ಗಿ, ಝೊಮ್ಯಾಟೊ ಪಾವತಿ ವರದಿಗಳಿವೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, ಕಾರ್ಡ್ ಯಂತ್ರದ ದಿನವಹಿ ಇದೆ. ಸೊಸೈಟಿಗಳಿಗೆ ಸದಸ್ಯರ ಪಾಸ್‌ಬುಕ್ಕು, ಹೋದ ಎಸ್ಸೆಮ್ಮೆಸ್‌ಗಳ ದಾಖಲೆ, ಪಿಗ್ಮಿ ಸಂಗ್ರಾಹಕರ ಕೈಯಂತ್ರ ಇವೆ. ಆ ಯಂತ್ರವನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಹಳೆಯ ವಸೂಲಿ ಅಳಿಸಿಹೋಗಬಹುದು. ಮೊದಲು ಅದರ ಮುದ್ರಿತ ವರದಿ ತೆಗೆಯಿರಿ. ಇಬ್ಬರು ಗುಮಾಸ್ತರು ಕೂತರೆ ಒಂದು ಮಧ್ಯಮ ಹೋಟೆಲಿನ ಲೆಕ್ಕ ಕೆಲವೇ ವಾರಗಳಲ್ಲಿ ಮತ್ತೆ ನಿಲ್ಲುತ್ತದೆ. ಅಂಗಡಿಯವನು ಕೇಳುವ ರೇಟಿಗೆ ಹೋಲಿಸಿದರೆ ಅವರ ಸಂಬಳ ಏನೂ ಅಲ್ಲ.

ದೂರಿನ ವಿಷಯ. ಕ್ರೆಡಿಟ್ ಸೊಸೈಟಿ ಕಾನೂನಿನ ಪ್ರಕಾರ ನಿಗಮಿತ ಸಂಸ್ಥೆ. ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಅದಕ್ಕೆ ರಾನ್ಸಮ್‌ವೇರ್ ಕಂಡ 6 ಗಂಟೆಯೊಳಗೆ ತಿಳಿಸಬೇಕು. ಉಚಿತ ಸಂಖ್ಯೆ 1800-11-4949. ನಗರ ಸಹಕಾರಿ ಬ್ಯಾಂಕುಗಳಿಗೆ ಇದರ ಮೇಲೆ ರಿಸರ್ವ್ ಬ್ಯಾಂಕಿನ 2ರಿಂದ 6 ಗಂಟೆಯ ಗಡುವೂ ಇದೆ. ಫೈಲಿಗೆ ಬೀಗ ಬಿದ್ದ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹಾಕಿ. 1930 ಹಣ ಹೋದಾಗಿನ ಸಂಖ್ಯೆ: ಎರಡನೆಯವನಿಗೆ ಯುಪಿಐಯಲ್ಲೋ ಬ್ಯಾಂಕಿನಲ್ಲೋ ಮುಂಗಡ ಕಟ್ಟಿ ಮೋಸ ತಿಳಿದರೆ ಅದೇ ಕ್ಷಣ ಕರೆ ಮಾಡಿ, ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಬಹುದು. ಕ್ರಿಪ್ಟೋದಲ್ಲಿ ಕಟ್ಟಿದ್ದರೆ ಆ ಆಸೆ ಕಡಿಮೆ. ಹತ್ತಿರದ ಠಾಣೆಯಲ್ಲಿ "ಇದು ನಮ್ಮ ಹದ್ದಿಗೆ ಬರುವುದಿಲ್ಲ" ಎಂದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ತೋರಿಸಿ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಬೇಕು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ತನಿಖೆ ಮಾತ್ರ ಐಟಿ ಕಾಯ್ದೆಯ 78ನೇ ಕಲಮಿನಂತೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ದೂರು ಕೊಟ್ಟ ಮಾತ್ರಕ್ಕೆ ಡೇಟಾ ಬರುವುದಿಲ್ಲ, ಅದನ್ನು ನಾವು ಒಪ್ಪುತ್ತೇವೆ. ಆದರೆ ದೂರು ಸಂಖ್ಯೆ ಇಲ್ಲದೆ ವಿಮೆ ಇಲ್ಲ, ಆಡಿಟರಿಗೆ ಉತ್ತರ ಇಲ್ಲ, ಮತ್ತು ಸದಸ್ಯರಿಗೆ ಹೇಳಲು ಮುಖ ಇಲ್ಲ.

ಸದಸ್ಯರಿಗೆ ಹೇಳುವುದು ಯಾಕೆ ಅವಸರದ್ದು ಎಂದರೆ, ಕಳ್ಳ ಬೀಗ ಹಾಕುವ ಮೊದಲು ಆಧಾರ್, ಪ್ಯಾನ್, ಫೋನ್ ನಂಬರ್ ನಕಲು ಮಾಡಿಕೊಂಡಿರಬಹುದು. ಆಗ ಮೂರನೆಯವನು ಸದಸ್ಯರಿಗೇ ಫೋನ್ ಮಾಡುತ್ತಾನೆ: "ನಿಮ್ಮ ಸೊಸೈಟಿ ಹ್ಯಾಕ್ ಆಗಿದೆ, ಠೇವಣಿ ಉಳಿಯಬೇಕಾದರೆ ಈಗಲೇ ಕೆವೈಸಿ ಮಾಡಿ." ಅವನ ಕರೆಗಿಂತ ಮೊದಲು ನಿಮ್ಮ ನೋಟಿಸ್ ತಲುಪಬೇಕು. ಹೀಗೆ ಬರೆಯಬಹುದು, ಕನ್ನಡದಲ್ಲೂ ಮರಾಠಿಯಲ್ಲೂ:

"ಇಂಥ ತಾರೀಖಿನಂದು ನಮ್ಮ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ಆಗಿದೆ. ದೂರು ಸಂಖ್ಯೆ ಇಂಥದ್ದು. ಸದಸ್ಯರ ಹೆಸರು, ಫೋನ್, ಆಧಾರ್, ಪ್ಯಾನ್ ಪ್ರತಿಗಳು ಕಳ್ಳರ ಕೈ ಸೇರಿರುವ ಸಾಧ್ಯತೆ ಇದೆ. ಸೊಸೈಟಿಯಿಂದ ಯಾರೂ ಫೋನಿನಲ್ಲಿ ಓಟಿಪಿ, ಕೆವೈಸಿ, ಹಣ ಕೇಳುವುದಿಲ್ಲ, ಲಿಂಕ್ ಕಳಿಸುವುದಿಲ್ಲ. ನಿಮ್ಮ ಪಾಸ್‌ಬುಕ್ಕಿನ ಕೊನೆಯ ನಮೂದಿನ ಫೋಟೋ ತೆಗೆದಿಟ್ಟುಕೊಳ್ಳಿ. ಇಂಥ ದಿನದಿಂದ ಕಚೇರಿಯಲ್ಲಿ ಲೆಕ್ಕ ತಾಳೆ ನೋಡಿ ಸಹಿ ಹಾಕಿಕೊಡುತ್ತೇವೆ."

ಠೇವಣಿದಾರರು ಗಾಬರಿಯಾಗುವುದು ಸುದ್ದಿ ಬೇರೆಯವರ ಬಾಯಿಂದ ತಿಳಿದಾಗ. 2024ರ ಜುಲೈ 31ರಂದು ಸಿ-ಎಡ್ಜ್ ಎಂಬ ಸೇವಾ ಕಂಪನಿಗೆ ದಾಳಿಯಾಗಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಾಗ, ಯುಪಿಐ ಜಾಲ ನಡೆಸುವ ಎನ್‌ಪಿಸಿಐ ಅದೇ ದಿನ ಬಹಿರಂಗವಾಗಿ ಹೇಳಿತು: ಆ ಕಂಪನಿಯನ್ನು ಜಾಲದಿಂದ ಬೇರ್ಪಡಿಸಿದ್ದೇವೆ, ಕೆಲಸ ನಡೆದಿದೆ. ಮರುದಿನ ಸೇವೆ ಮರಳಿತು. ಹೇಳಿದ್ದರಿಂದ ಯಾವ ಬ್ಯಾಂಕೂ ಮುಳುಗಲಿಲ್ಲ.

ಕಳ್ಳ ಒಳಗೆ ಬರುವ ಬಾಗಿಲಿನ ಬಗ್ಗೆ ಎರಡೇ ಮಾತು. ಲೆಕ್ಕ ಬರೆಯುವವರು ವಿರಾರ್‌ನ ಮನೆಯಿಂದಲೇ ಟ್ಯಾಲಿ ನೋಡಲಿ ಎಂದು ರೂಟರಿನಲ್ಲಿ 3389 ಪೋರ್ಟ್, ಅಂದರೆ ದೂರದಿಂದ ಕಂಪ್ಯೂಟರ್ ನಡೆಸುವ ಬಾಗಿಲು, ತೆರೆದಿಟ್ಟಿರುತ್ತಾರೆ. ಅದನ್ನು 3390 ಮಾಡಿದರೆ ಸುರಕ್ಷಿತ ಎಂಬುದು ಭ್ರಮೆ. ಹುಡುಕುವ ಯಂತ್ರಗಳು ಎಲ್ಲ ಪೋರ್ಟನ್ನೂ ತಟ್ಟುತ್ತವೆ. ಪೋರ್ಟ್ ಮುಚ್ಚಿ ವಿಪಿಎನ್ (ಹೊರಗಿನವರಿಗೆ ಕಾಣದ ಖಾಸಗಿ ಸಂಪರ್ಕ) ಹಾಕಿಸಿ, ಐದು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಖಾತೆ ಲಾಕ್ ಆಗುವಂತೆ ಇಡಿಸಿ. ಬ್ಯಾಕಪ್ ಡಿಸ್ಕ್ ಸದಾ ಚುಚ್ಚಿಯೇ ಇದ್ದರೆ ಅದಕ್ಕೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಇಟ್ಟು ದಿನ ಬಿಟ್ಟು ದಿನ ಬದಲಿಸಿ, ಒಂದು ಯಾವಾಗಲೂ ಕಪಾಟಿನಲ್ಲಿರಲಿ.

ಇಷ್ಟು ಹೇಳಿ, ನಮ್ಮ ಬೇಡಿಕೆ. ಸೊಸೈಟಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸಲೇಬೇಕು. ಈ ಸಲದ ಸಭೆಯಲ್ಲಿ ಒಂದು ಠರಾವು ಪಾಸ್ ಮಾಡಿ: ಡೇಟಾ ರಿಕವರಿಗೆ ಯಾರಿಗೇ ಹಣ ಕೊಡುವ ಮೊದಲು ವಿಧಾನ ಬರಹದಲ್ಲಿರಬೇಕು, "ಈ ಹಣದ ಯಾವ ಭಾಗವೂ ದಾಳಿಕೋರರಿಗೆ ಹೋಗುವುದಿಲ್ಲ" ಎಂಬ ಸಹಿ ಇರಬೇಕು, ಫೈಲ್ ತೆರೆದು ಲೆಕ್ಕ ತಾಳೆಯಾದ ಮೇಲೆ ಪಾವತಿ, ಎನಿಡೆಸ್ಕ್‌ನಂಥ ದೂರನಿಯಂತ್ರಣ ಕೊಡುವುದಿಲ್ಲ, ಪಡಿಯಚ್ಚು ಮಾತ್ರ ಕೊಡುತ್ತೇವೆ. ಆ ಸಹಿ ಹಾಕಲು ಎಷ್ಟು ಅಂಗಡಿಗಳು ಮುಂದೆ ಬರುತ್ತವೆ ನೋಡೋಣ.

ಸಂಘಗಳು ತಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಿಕವರಿಯವರ ನಂಬರ್ ಹಂಚುವುದನ್ನು ನಿಲ್ಲಿಸಲಿ. ಅದರ ಬದಲು ದಾಳಿಗೊಳಗಾದವರು ಒಂದು ಪುಟದ ಟಿಪ್ಪಣಿಯನ್ನು ಸಂಘದ ಕಾರ್ಯದರ್ಶಿಗೆ ಕೊಡಲಿ, ಬೇಕಿದ್ದರೆ ಸಂಸ್ಥೆಯ ಹೆಸರಿಲ್ಲದೆ. ಅದರಲ್ಲಿ ಬೇಕಾದ್ದು ಇಷ್ಟೇ: ಫೈಲಿನ ಬಾಲ, ಚೀಟಿಯಲ್ಲಿದ್ದ ಇಮೇಲ್, ಕಳ್ಳ ಬಂದ ದಾರಿ, ಆಮೇಲೆ ನೆರವಿನ ಹೆಸರಲ್ಲಿ ಕರೆ ಮಾಡಿದವನ ನಂಬರ್ ಮತ್ತು ಅವನು ಕೇಳಿದ ಮೊತ್ತ. ಅದೇ ಬಾಲ, ಅದೇ ನಂಬರ್ ಮುಲುಂಡ್‌ನಲ್ಲೂ ವಾಶಿಯಲ್ಲೂ ಕಂಡರೆ ಪೊಲೀಸರ ಮುಂದೆ ಎರಡು ದೂರು ಒಟ್ಟಿಗೆ ಇಡಬಹುದು. ಟಿಪ್ಪಣಿಯ ಖಾಲಿ ನಮೂನೆಯನ್ನು ಕನ್ನಡ ಮತ್ತು ಮರಾಠಿಯಲ್ಲಿ ನಾವು ತಯಾರಿಸಿಕೊಡುತ್ತೇವೆ. ಮುದ್ರಿಸಿ ಹಂಚುವುದು ನಿಮ್ಮದು.

ಇಂತಿ,
ಮುಂಬೈ ಮತ್ತು ಸುತ್ತಲಿನ ಕಚೇರಿ, ಹೋಟೆಲು, ಸೊಸೈಟಿಗಳ ಕಂಪ್ಯೂಟರ್ ಮತ್ತು ಲೆಕ್ಕದ ಕೆಲಸ ನೋಡುವ ಕೆಲವು ಕನ್ನಡಿಗರು